ಗ್ಯಾಲರಿಯವರಿಗೂ ಒಂದು ಕುರ್ಚಿ ಬೇಕು: ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಬಹಿರಂಗ ಪತ್ರ

ಹೆಡಿಂಗ್ಲೀ, ಲೀಡ್ಸ್

ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ನಿಂತೇ ಹಾಡುವ ಗೆಳೆಯರೇ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಸೂಪರ್ ಡಿವಿಷನ್ ಪಂದ್ಯ ನೋಡಲು ತಪ್ಪದೆ ಬರುವ ಹಿರಿಯರೇ, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಾನು ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲೀಯಲ್ಲಿ ನೆಲೆಸಿರುವ ಕನ್ನಡಿಗ. ನಮ್ಮವರಿಗೆ ಈ ಊರಿನ ಹೆಸರು ಗೊತ್ತಿರುವುದು ಕ್ರಿಕೆಟ್ಟಿನಿಂದ. 2002ರಲ್ಲಿ ರಾಹುಲ್ ದ್ರಾವಿಡ್ ಇಲ್ಲಿ 148 ರನ್ ಹೊಡೆದರು, ಅನಿಲ್ ಕುಂಬ್ಳೆ ಏಳು ವಿಕೆಟ್ ಕಿತ್ತರು, ಭಾರತ ಇನಿಂಗ್ಸ್ ಮತ್ತು 46 ರನ್‌ಗಳಿಂದ ಗೆದ್ದಿತು. 2025ರ ಜೂನ್‌ನಲ್ಲಿ ಕೆ.ಎಲ್. ರಾಹುಲ್ ಇದೇ ಅಂಗಳದಲ್ಲಿ 137 ಹೊಡೆದರು. ಆದರೆ ಈ ಪತ್ರ ಫುಟ್‌ಬಾಲ್ ಕುರಿತದ್ದು, ಅದಕ್ಕಿಂತ ಹೆಚ್ಚಾಗಿ ನಿಮ್ಮ ಕುರಿತದ್ದು. ದುಡ್ಡು ಕೊಟ್ಟು ಟಿಕೆಟ್ ಕೊಂಡು, ಗಂಟಲು ಕಟ್ಟುವವರೆಗೆ ಕೂಗಿ, ಸೋತ ದಿನವೂ ತಂಡದ ಹೆಸರು ಹಾಡಿಕೊಂಡೇ ಮನೆಗೆ ಹೋಗುವವರು ನೀವು. ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಲೀಗಿನ ಹಣೆಬರಹ ತೀರ್ಮಾನವಾಯಿತು. ಅದು ಮತ್ತೆ ಹಾಗಾಗಬಾರದು ಎಂದು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದನ್ನು ಒಮ್ಮೆ ಸಾಲಾಗಿ ಇಟ್ಟು ನೋಡೋಣ. 2025ರ ಏಪ್ರಿಲ್ 12ರಂದು ಬೆಂಗಳೂರು ಎಫ್‌ಸಿ ಕೋಲ್ಕತ್ತಾದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಆಡಿತು. ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದವರೆಗೂ ಸೆಣಸಿ 2-1ರಿಂದ ಸೋತಿತು. ಜುಲೈನಲ್ಲಿ ಹೊಸ ಋತುವನ್ನು ತಡೆಹಿಡಿಯಲಾಗಿದೆ ಎಂಬ ಸುದ್ದಿ ಕ್ಲಬ್‌ಗಳಿಗೆ ಬಂತು. ಆಗಸ್ಟ್‌ನಲ್ಲಿ ಅದೇ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಫೈನಲ್ ಆಡಿ ಋತು ಮುಗಿಸಿದ ಆಟಗಾರರಿಗೆ ನಾಲ್ಕು ತಿಂಗಳೊಳಗೆ ಆಡಲು ಲೀಗೂ ಇಲ್ಲ, ಕೈಗೆ ಸಂಬಳವೂ ಇಲ್ಲ.

ಇದರ ಬೇರು 2010ರಲ್ಲಿದೆ. ಆ ವರ್ಷದ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ, ರಿಲಯನ್ಸ್ ಬಳಗಕ್ಕೆ ವಹಿಸಿತು. 2014ರಲ್ಲಿ ಶುರುವಾದ ಐಎಸ್‌ಎಲ್ ಹುಟ್ಟಿದ್ದು ಆ ಒಪ್ಪಂದದಿಂದ. ಟಿವಿ ಪ್ರಸಾರ, ಪ್ರಾಯೋಜಕರು, ವೇಳಾಪಟ್ಟಿ, ಎಲ್ಲವೂ ಅದನ್ನೇ ಆತುಕೊಂಡಿದ್ದವು. ಒಪ್ಪಂದದ ಕೊನೆಯ ದಿನ 2025ರ ಡಿಸೆಂಬರ್ 8 ಎಂಬುದು ಹದಿನೈದು ವರ್ಷದಿಂದ ಗೊತ್ತಿದ್ದ ಸಂಗತಿ. ಆದರೆ ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು, ಹೊಸ ಒಪ್ಪಂದ ಕೂಡಿಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ತೀರ್ಪು ಬಂದ ಮೇಲೆ ಟೆಂಡರ್ ಕರೆದರು. ನವೆಂಬರ್‌ನಲ್ಲಿ ಗಡುವು ಮುಗಿದಾಗ ಒಬ್ಬರೂ ಬಿಡ್ ಹಾಕಿರಲಿಲ್ಲ. ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗಾನ್ ಅವರಂಥ ಆಟಗಾರರು ನಮ್ಮನ್ನು ಆಡಲು ಬಿಡಿ ಎಂದು ಲೋಕದ ಮುಂದೆ ಕೇಳಿಕೊಳ್ಳಬೇಕಾಯಿತು. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ 14 ಕ್ಲಬ್‌ಗಳ ಮೊಟಕಾದ ಲೀಗ್ ನಡೆಯುತ್ತದೆ ಎಂದು ಘೋಷಿಸಿದರು.

ಈ ತಿಂಗಳುಗಳಲ್ಲಿ ಫೆಡರೇಷನ್ ಮಾತಾಡಿತು, ಕಂಪನಿ ಮಾತಾಡಿತು, ಕ್ಲಬ್ ಮಾಲೀಕರು, ವಕೀಲರು, ಸಚಿವಾಲಯ, ನ್ಯಾಯಾಲಯ, ಎಲ್ಲರೂ ಮಾತಾಡಿದರು. ಆಟಗಾರರೂ ತಡವಾಗಿಯಾದರೂ ದನಿ ಎತ್ತಿದರು. ಗ್ಯಾಲರಿಯವರಿಗೆ ಮಾತ್ರ ಆ ಮೇಜಿನ ಸುತ್ತ ಕುರ್ಚಿಯೇ ಇರಲಿಲ್ಲ. ಫೆಡರೇಷನ್ನಿನ ಹೊಸ ಸಂವಿಧಾನದಲ್ಲಿ ಮಾಜಿ ಆಟಗಾರರಿಗೆ ಜಾಗ ದೊರೆತದ್ದು ನ್ಯಾಯವೇ. ಮುಂದಿನ ಸರದಿ ನಿಮ್ಮದಾಗಬೇಕು.

ಕುರ್ಚಿ ಕೇಳಲು ನಿಮಗೇನು ಹಕ್ಕು ಎಂದು ಯಾರಾದರೂ ಕೇಳಿದರೆ, ನಿಮ್ಮ ಊರಿನ ಚರಿತ್ರೆಯನ್ನು ಮುಂದಿಡಿ. ಬೆಂಗಳೂರಿನ ಫುಟ್‌ಬಾಲ್ ಯಾವ ಲೀಗಿನಿಂದಲೂ ಹುಟ್ಟಿದ್ದಲ್ಲ. 1937ರಲ್ಲಿ ಬ್ರಿಟಿಷ್ ಪಲ್ಟನ್‌ಗಳ ಸೊತ್ತಿನಂತಿದ್ದ ರೋವರ್ಸ್ ಕಪ್ಪನ್ನು ಬೊಂಬಾಯಿಯಿಂದ ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಬಂದದ್ದು ನಮ್ಮ ಮೈಸೂರು ಸಂಸ್ಥಾನದ ಎಸ್. ರಾಮನ್ ಅವರ ಕಾಲಿನಿಂದ. ಬರಿಗಾಲಲ್ಲಿ ಚೆಂಡನ್ನು ಹೇಳಿದಂತೆ ಕೇಳಿಸುತ್ತಿದ್ದ ಅಹ್ಮದ್ ಖಾನ್ ಬೆಂಗಳೂರಿನವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು. ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಮಣಿಸಿತು.

ಈ ಆಟಗಾರರನ್ನು ಬೆಳೆಸಿದ್ದು ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳು, ದಂಡು ಪ್ರದೇಶದ ಮೈದಾನಗಳು, ಕೆಲಸ ಮುಗಿಸಿ ಸಂಜೆ ಗೆರೆಯ ಪಕ್ಕ ನಿಂತು ನೋಡುತ್ತಿದ್ದ ಜನ. ಪೆಲೆಯ ಪ್ರತಿಮೆ ನಿಲ್ಲಿಸಿದ ಗೌತಮಪುರದ ಜನ ಯಾವ ಸಂಸ್ಥೆಯ ಅನುದಾನಕ್ಕೂ ಕಾದವರಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗ ಅಶೋಕನಗರದ ಪುಟ್ಟ ಅಂಗಳ ತುಂಬಿದ್ದು ಈ ಹಳೆಯ ಪ್ರೀತಿಯಿಂದ. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾದ ರಾತ್ರಿಯನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅಂದು ಗ್ಯಾಲರಿ ಖಾಲಿ ಇದ್ದಿದ್ದರೆ ಆ ಗೆಲುವಿಗೆ ಯಾವ ಬೆಲೆ ಇರುತ್ತಿತ್ತು?

ಬೆಂಗಳೂರು ಎಫ್‌ಸಿಯ ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಜೆಎಸ್‌ಡಬ್ಲ್ಯು ಸಂಸ್ಥೆ ಈ ಕ್ಲಬ್ಬಿಗೆ ದುಡ್ಡು ಸುರಿದಿದೆ, ಎಳೆಯರ ತಂಡಗಳನ್ನು ಬೆಳೆಸಿದೆ, ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕ್ರೀಡಾ ತರಬೇತಿ ಸಂಸ್ಥೆ ಕಟ್ಟಿದೆ. ಭಾರತದಲ್ಲಿ ಫುಟ್‌ಬಾಲ್ ಕ್ಲಬ್ ನಡೆಸುವುದೆಂದರೆ ವರ್ಷವರ್ಷವೂ ನಷ್ಟ ಹೊರುವುದೇ. ನನ್ನ ಮಾತು ಇಷ್ಟೇ: ಮಾಲೀಕರು ಬದಲಾಗಬಹುದು, ಕಂಪನಿಗಳ ಲೆಕ್ಕಾಚಾರ ಬದಲಾಗಬಹುದು, ಸರ್ಕಾರಗಳೂ ಬದಲಾಗುತ್ತವೆ. ಊರು ಮತ್ತು ಊರಿನ ಜನ ಮಾತ್ರ ಅಲ್ಲೇ ಇರುತ್ತಾರೆ. ಅಲ್ಲೇ ಇರುವವರ ಕೈಯಲ್ಲಿ ಸ್ವಲ್ಪವಾದರೂ ಹಿಡಿತವಿರಬೇಕು.

ಇದನ್ನು ನಾನಿರುವ ಲೀಡ್ಸ್ ಕಷ್ಟಪಟ್ಟು ಕಲಿತಿದೆ. 1919ರಲ್ಲಿ ಇಲ್ಲಿ ಲೀಡ್ಸ್ ಸಿಟಿ ಎಂಬ ಕ್ಲಬ್ ಇತ್ತು. ಯುದ್ಧಕಾಲದಲ್ಲಿ ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟ ಆರೋಪ ಬಂದಾಗ ಆಡಳಿತ ಮಂಡಳಿ ಲೆಕ್ಕಪತ್ರ ಒಪ್ಪಿಸಲಿಲ್ಲ. ಅಧಿಕಾರಸ್ಥರು ಕ್ಲಬ್ಬನ್ನೇ ಮುಚ್ಚಿಸಿದರು. ಅಕ್ಟೋಬರ್ 17ರಂದು ಮೆಟ್ರೊಪೋಲ್ ಹೋಟೆಲಿನಲ್ಲಿ ಆಟಗಾರರನ್ನು ಹರಾಜು ಹಾಕಿದರು. ಅದೇ ಸಂಜೆ ಊರಿನ ಅಭಿಮಾನಿಗಳು ಸೇಲಂ ಚಾಪೆಲ್‌ನ ಸಭಾಂಗಣದಲ್ಲಿ ಸೇರಿ ಹೊಸ ಕ್ಲಬ್ಬಿಗೆ ನಾಂದಿ ಹಾಡಿದರು. ಇವತ್ತಿನ ಲೀಡ್ಸ್ ಯುನೈಟೆಡ್ ಹುಟ್ಟಿದ್ದು ಆ ಸಭೆಯಲ್ಲಿ, ಸಾಮಾನ್ಯ ಜನರ ಹಟದಿಂದ.

ಅದೇ ಕ್ಲಬ್ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿತು. ಮುಂದೆ ಬರಬಹುದಾದ ಹಣವನ್ನು ನೆಚ್ಚಿ ಸಾಲ ಮಾಡಿದ್ದರಿಂದ 2004ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿತ್ತು. ಆ ವರ್ಷವೇ ತನ್ನ ಎಲಂಡ್ ರೋಡ್ ಸ್ಟೇಡಿಯಂ ಮಾರಿ, ಅದೇ ಅಂಗಳದಲ್ಲಿ ಬಾಡಿಗೆಗೆ ಕೂರಬೇಕಾಯಿತು. 2007ರಲ್ಲಿ ಮೂರನೇ ದರ್ಜೆಗೆ ಇಳಿಯಿತು. ಅಂಗಳ ಮತ್ತೆ ಕ್ಲಬ್ಬಿನ ಕಡೆ ಬಂದದ್ದು 2017ರಲ್ಲಿ, ಪ್ರೀಮಿಯರ್ ಲೀಗಿಗೆ ಮರಳಿದ್ದು 2020ರಲ್ಲಿ. ಆ ಹದಿನಾರು ವರ್ಷ ಗ್ಯಾಲರಿ ಬಿಟ್ಟುಹೋಗದೆ ನಿಂತದ್ದಕ್ಕೆ ಕ್ಲಬ್ ಉಳಿಯಿತು. ಸಾಲ ಮಾಡುವಾಗ, ಅಂಗಳ ಮಾರುವಾಗ ಮಾತ್ರ ಅವರನ್ನು ಕೇಳಿದವರಿಲ್ಲ.

ಇನ್ನೊಂದು ಊರಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಮ್ಯಾಂಚೆಸ್ಟರ್ ಪಕ್ಕದ ಬರಿ ಎಂಬ ಊರಿನ ಕ್ಲಬ್ 1885ರಲ್ಲಿ ಹುಟ್ಟಿದ್ದು. 1999ರಲ್ಲಿ ಬೈಚುಂಗ್ ಭುಟಿಯಾ ಸೇರಿದ್ದು ಅದೇ ಬರಿ ಎಫ್‌ಸಿಯನ್ನು, ಆಡಿದ್ದು ಅದರ ಗಿಗ್ ಲೇನ್ ಅಂಗಳದಲ್ಲಿ. ಎರಡು ಬಾರಿ ಎಫ್‌ಎ ಕಪ್ ಗೆದ್ದಿದ್ದ ಆ ಕ್ಲಬ್ ಕೇವಲ ಒಂದು ಪೌಂಡಿಗೆ ಹೊಸ ಮಾಲೀಕನ ಕೈ ಸೇರಿತು. ಹಣದ ಖಾತರಿ ತೋರಿಸಲಾಗದೆ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರದೂಡಲ್ಪಟ್ಟಿತು. ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಚಂದಾ ಎತ್ತಿದರು, ಸರ್ಕಾರದ ಸಮುದಾಯ ನಿಧಿಯ ನೆರವು ಪಡೆದರು, ಗಿಗ್ ಲೇನ್ ಕೊಂಡರು. 2023ರಲ್ಲಿ ಬರಿ ಎಫ್‌ಸಿ ಎಂಬ ಹೆಸರು ಕೆಳಗಿನ ದರ್ಜೆಯ ಲೀಗೊಂದರಲ್ಲಿ ಮತ್ತೆ ಕಾಣಿಸಿಕೊಂಡಿತು.

ಇಂಥ ನೋವುಗಳಿಂದಲೇ ಇಲ್ಲೊಂದು ಕಾನೂನು ಬಂದಿದೆ. 2021ರ ಏಪ್ರಿಲ್‌ನಲ್ಲಿ ಆರು ದೊಡ್ಡ ಇಂಗ್ಲಿಷ್ ಕ್ಲಬ್‌ಗಳು ಯುರೋಪಿನ ಸೂಪರ್ ಲೀಗ್ ಸೇರಲು ಹೊರಟಾಗ ಅಭಿಮಾನಿಗಳು ಬೀದಿಗಿಳಿದರು. ಎಲಂಡ್ ರೋಡ್ ಹೊರಗೂ ಪ್ರತಿಭಟನೆ ನಡೆಯಿತು. ಎರಡು ಮೂರು ದಿನಗಳಲ್ಲೇ ಆರೂ ಕ್ಲಬ್‌ಗಳು ಹಿಂದೆ ಸರಿದವು. ಸರ್ಕಾರ ಅಭಿಮಾನಿಗಳ ಅಹವಾಲು ಕೇಳಲು ಪರಿಶೀಲನಾ ಸಮಿತಿ ನೇಮಿಸಿತು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಅಂಗೀಕಾರವಾಯಿತು. ಅದರಂತೆ ಮೇಲಿನ ಐದು ದರ್ಜೆಗಳ ಕ್ಲಬ್‌ಗಳು ಸ್ವತಂತ್ರ ನಿಯಂತ್ರಕರಿಂದ ಪರವಾನಗಿ ಪಡೆಯಬೇಕು. ಅನುಮತಿ ಇಲ್ಲದೆ ಅಂಗಳ ಮಾರುವಂತಿಲ್ಲ. ಲಾಂಛನ, ಅಂಗಿಯ ಬಣ್ಣ ಬದಲಿಸುವ ಮೊದಲು ಅಭಿಮಾನಿಗಳನ್ನು ಕೇಳಬೇಕು. ಇದನ್ನು ಯಾರೂ ದಾನವಾಗಿ ಕೊಡಲಿಲ್ಲ, ಸಂಘಟಿತರಾದ ಜನ ಪಡೆದುಕೊಂಡರು.

ಕುರ್ಚಿ ಬೇಕಾಗುವುದು ದುಡ್ಡಿನ ವಿಷಯಕ್ಕಷ್ಟೇ ಅಲ್ಲ. ಹೆಡಿಂಗ್ಲೀಯಿಂದ ಸ್ವಲ್ಪವೇ ದೂರದ ಬ್ರಾಡ್‌ಫರ್ಡ್‌ನಲ್ಲಿ 1985ರ ಮೇ 11ರಂದು ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಅಂಗಳದ ನೂಕುನುಗ್ಗಲಿನಿಂದ ಜೀವ ತೆತ್ತವರು 97 ಮಂದಿ. ತಪ್ಪು ಅಭಿಮಾನಿಗಳದ್ದೇ ಎಂದು ಮೊದಲು ಹೊರಿಸಿದರು. ಸತ್ತವರ ಮನೆಯವರು 27 ವರ್ಷ ಹೋರಾಡಿದ ಮೇಲೆ, ಇವು ಕಾನೂನುಬಾಹಿರ ಹತ್ಯೆಗಳೆಂದು 2016ರಲ್ಲಿ ವಿಚಾರಣಾ ಮಂಡಳಿ ಹೇಳಿತು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಕಂಠೀರವ ಅಲ್ಲಿಗೆ ಕೂಗಳತೆಯಲ್ಲಿದೆ. ಯಾವ ಗೇಟು ಇಕ್ಕಟ್ಟು, ಎಲ್ಲಿ ಜನ ಒತ್ತರಿಸುತ್ತಾರೆ, ಯಾವ ಮೆಟ್ಟಿಲಲ್ಲಿ ಬೆಳಕಿಲ್ಲ ಎಂಬುದು ವಾರವಾರ ಅಲ್ಲಿ ನಿಲ್ಲುವವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅವರನ್ನು ಕೇಳದೆ ಮಾಡಿದ ಬಂದೋಬಸ್ತು ಅರೆಬರೆಯದೇ ಆಗಿರುತ್ತದೆ.

ಈಗ ಕಂಠೀರವದ ಮಾತು. ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಈ ಸ್ಟೇಡಿಯಂ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ರೂಪುಗೊಂಡದ್ದು. ರಾಜ್ಯದ ಕ್ರೀಡಾ ಇಲಾಖೆಯ ಆಸ್ತಿ, ಮೂಲತಃ ಅಥ್ಲೆಟಿಕ್ಸ್ ಅಂಗಳ. ಟ್ರ್ಯಾಕ್ ನಡುವೆ ಇರುವುದರಿಂದ ಗ್ಯಾಲರಿಗೂ ಆಟಕ್ಕೂ ಅಂತರ ಹೆಚ್ಚು. ಅತ್ತ ಓಟಗಾರರಿಗೂ ಅವರ ತರಬೇತುದಾರರಿಗೂ ಪಂದ್ಯದ ದಿನಗಳಲ್ಲಿ ಅಭ್ಯಾಸಕ್ಕೆ ಜಾಗವಿಲ್ಲ. ಈ ಜಗಳ ಹೈಕೋರ್ಟಿನವರೆಗೂ ಹೋಯಿತು. ಎರಡೂ ಕಡೆಯವರ ಅಳಲು ನಿಜವಾದದ್ದು. ಮುಂಜಾನೆ ಐದಕ್ಕೆ ಸ್ಪೈಕ್ಸ್ ಕಟ್ಟಿಕೊಂಡು ಬರುವ ಹುಡುಗಿಯನ್ನು ಫುಟ್‌ಬಾಲ್ ಅಭಿಮಾನಿ ಎದುರಾಳಿಯೆಂದು ಕಾಣಬಾರದು. ಇಬ್ಬರನ್ನೂ ಒಂದೇ ಹುಲ್ಲಿಗೆ ಕಟ್ಟಿಹಾಕಿದ ಯೋಜನೆಯ ಕೊರತೆಯನ್ನು ಇಬ್ಬರೂ ಸೇರಿ ಪ್ರಶ್ನಿಸಬೇಕು.

ಮ್ಯಾಂಚೆಸ್ಟರ್ ಇದಕ್ಕೆ ಉತ್ತರ ಕಂಡುಕೊಂಡಿತು. 2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸ್ಟೇಡಿಯಂ ಕಟ್ಟುವಾಗಲೇ, ಕೂಟ ಮುಗಿದ ಮೇಲೆ ಅದೇನಾಗಬೇಕೆಂದು ನಿರ್ಧರಿಸಿದ್ದರು. ಟ್ರ್ಯಾಕ್ ತೆಗೆದು, ನೆಲ ಆಳಕ್ಕೆ ಅಗೆದು, ಆಟದ ಹತ್ತಿರಕ್ಕೇ ಹೊಸ ಸಾಲುಗಳನ್ನು ಹಾಕಿದರು. 2003ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬಾಡಿಗೆದಾರನಾಗಿ ಬಂತು, ಒಡೆತನ ನಗರಾಡಳಿತದಲ್ಲೇ ಉಳಿಯಿತು. ಪಕ್ಕದಲ್ಲಿದ್ದ ಚಿಕ್ಕ ಅಥ್ಲೆಟಿಕ್ಸ್ ಅಂಗಳ ಓಟಗಾರರ ಪಾಲಾಯಿತು. ನಾನಿರುವ ಹೆಡಿಂಗ್ಲೀಯ ದಾರಿ ಬೇರೆ. ಇಲ್ಲಿ ಕ್ರಿಕೆಟ್ ಮತ್ತು ರಗ್ಬಿ ಅಂಗಳಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. 2019ರಲ್ಲಿ ಹೊಸದಾಗಿ ಕಟ್ಟಿದ ಒಂದೇ ಸ್ಟ್ಯಾಂಡಿನ ಒಂದು ಮುಖ ಕ್ರಿಕೆಟ್ಟಿನತ್ತ, ಇನ್ನೊಂದು ಮುಖ ರಗ್ಬಿಯತ್ತ ತಿರುಗಿದೆ. ಕಟ್ಟಡ ಹಂಚಿಕೊಂಡಿದ್ದಾರೆ, ಹುಲ್ಲು ಮಾತ್ರ ಅವರವರದ್ದು. ಬೆಂಗಳೂರಿಗೆ ಯಾವ ದಾರಿ ಸರಿ ಎಂಬುದನ್ನು ಊರಿನವರು ಚರ್ಚಿಸಲಿ. ಹತ್ತು ಹದಿನೈದು ಸಾವಿರ ಜನ ಗೆರೆಯ ಪಕ್ಕದಲ್ಲೇ ಕೂರಬಹುದಾದ, ಮೆಟ್ರೋಗೆ ಹತ್ತಿರವಾದ, ಫುಟ್‌ಬಾಲಿಗೇ ಮೀಸಲಾದ ಅಂಗಳವೊಂದು ಈ ಊರಿಗೆ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ ನಿಮ್ಮಿಂದ ನಾನು ಕೇಳುವುದೇನು?

ಮೊದಲನೆಯದು, ಸಂಘ ನೋಂದಾಯಿಸಿ. ಬ್ಯಾನರ್ ಬರೆಯಲು, ಹಾಡು ಕಟ್ಟಲು, ಹೊರ ಊರುಗಳಿಗೆ ಹೋಗಲು ನೀವು ಆಗಲೇ ಒಂದಾಗಿದ್ದೀರಿ. ಇನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಒಂದು ಸಂಘವಾಗಿ. ಸದಸ್ಯತ್ವ, ಚುನಾವಣೆ, ಲೆಕ್ಕಪತ್ರ, ಎಲ್ಲವೂ ಬೆಳಕಿನಲ್ಲಿರಲಿ. ಸಾವಿರ ಜನರ ಕೂಗನ್ನು ಅಧಿಕಾರಿ ಕೇಳಿಸಿಕೊಳ್ಳದಿರಬಹುದು. ನೋಂದಾಯಿತ ಸಂಘದ ಅರ್ಜಿ ಬಂದರೆ ಕಡತ ತೆರೆಯಲೇಬೇಕು. ಕೋಲ್ಕತ್ತಾದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಕ್ಲಬ್‌ಗಳಲ್ಲಿ ಸದಸ್ಯರು ಮತ ಹಾಕಿ ಪದಾಧಿಕಾರಿಗಳನ್ನು ಆರಿಸುವ ರೂಢಿ ಹಳೆಯದು. ಇದು ನಮ್ಮ ದೇಶಕ್ಕೆ ಹೊರಗಿನ ವಿಚಾರವೇನಲ್ಲ.

ಎರಡನೆಯದು, ಕ್ಲಬ್ಬಿನ ಜೊತೆ ಲಿಖಿತ ಒಡಂಬಡಿಕೆ ಕೇಳಿ. ಋತುವಿಗೆ ಕೆಲವು ಬಾರಿಯಾದರೂ ಆಡಳಿತ ಮಂಡಳಿಯ ಜೊತೆ ಸಭೆ ನಡೆಯಬೇಕು, ನಡಾವಳಿ ಬರೆದಿಡಬೇಕು. ಕ್ಲಬ್ಬಿನ ಹೆಸರು, ನೀಲಿ ಬಣ್ಣ, ಊರು, ತವರು ಅಂಗಳ, ಇವುಗಳನ್ನು ಅಭಿಮಾನಿಗಳ ಒಪ್ಪಿಗೆ ಇಲ್ಲದೆ ಬದಲಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಒಳ್ಳೆಯ ಮಾಲೀಕರಿರುವಾಗಲೇ ಇದನ್ನು ಬರೆಸಿಕೊಳ್ಳುವುದು ಸುಲಭ.

ಮೂರನೆಯದು, ರಾಜ್ಯ ಸರ್ಕಾರದ ಮುಂದೆ ಅಥ್ಲೀಟ್‌ಗಳ ಜೊತೆಗೂಡಿಯೇ ಹೋಗಿ. ಕಂಠೀರವದ ವರ್ಷದ ವೇಳಾಪಟ್ಟಿ ಮೊದಲೇ ಪ್ರಕಟವಾಗಲಿ, ಗೇಟು ಮತ್ತು ನಿರ್ಗಮನ ದಾರಿಗಳ ಸುರಕ್ಷತಾ ತಪಾಸಣೆಯ ವರದಿ ಜನರಿಗೆ ಸಿಗಲಿ, ಫುಟ್‌ಬಾಲ್ ಅಂಗಳಕ್ಕೆ ಜಾಗ ಗುರುತಾಗಲಿ. ನಾಲ್ಕನೆಯದು, ಕೇರಳ, ಬಂಗಾಳ, ಗೋವಾ, ಈಶಾನ್ಯದ ಅಭಿಮಾನಿ ಬಳಗಗಳ ಜೊತೆ ಸೇರಿ ಫೆಡರೇಷನ್ನಿನ ಮುಂದೆ ಒಂದೇ ಬೇಡಿಕೆ ಇಡಿ: ಲೀಗಿನ ಯಾವುದೇ ಹೊಸ ಒಪ್ಪಂದದಲ್ಲಿ, ಅದು ಮುಗಿಯುವ ಎರಡು ವರ್ಷ ಮೊದಲೇ ಮುಂದಿನ ವ್ಯವಸ್ಥೆ ತೀರ್ಮಾನವಾಗಬೇಕು, ಆ ಮಾತುಕತೆಯಲ್ಲಿ ಅಭಿಮಾನಿಗಳ ಪ್ರತಿನಿಧಿ ಇರಬೇಕು. ಗ್ಯಾಲರಿಯಲ್ಲಿ ಎದುರುಬದುರು ಕೂಗುವವರು ಈ ಒಂದು ವಿಷಯಕ್ಕೆ ಒಟ್ಟಾಗಬೇಕು. ಯುರೋಪಿನ ಸೂಪರ್ ಲೀಗನ್ನು ತಡೆದವರಲ್ಲೂ ತಲೆಮಾರುಗಳಿಂದ ಹಗೆ ಸಾಧಿಸಿದ ಊರುಗಳವರಿದ್ದರು.

ಕೊನೆಯದು ನಿಮ್ಮ ಕೈಯಲ್ಲೇ ಇದೆ. ಐಎಸ್‌ಎಲ್ ಇಲ್ಲದ ದಿನಗಳಲ್ಲಿ ಅಶೋಕನಗರಕ್ಕೆ ಹೋಗಿ. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿ, ಮರುವರ್ಷವೇ ಕೆಳಗಿಳಿಯಿತು. ನಮ್ಮ ಕಿಕ್‌ಸ್ಟಾರ್ಟ್ ಹುಡುಗಿಯರು 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್ ತಲುಪಿದರು. ಈ ತಂಡಗಳಿಗೆ ನಿಮ್ಮ ದನಿ ಬೇಕು. ಊರಿನ ಫುಟ್‌ಬಾಲ್ ಒಂದೇ ಲೀಗಿಗೆ, ಒಂದೇ ಕ್ಲಬ್ಬಿಗೆ ಜೋತುಬೀಳದಷ್ಟು ಗಟ್ಟಿಯಾದರೆ, ಎಲ್ಲೋ ಒಂದು ಒಪ್ಪಂದ ಮುಗಿದ ಮಾತ್ರಕ್ಕೆ ಬೆಂಗಳೂರಿನಲ್ಲಿ ಆಟ ನಿಲ್ಲುವುದಿಲ್ಲ.

ನಾವು ಕೆಲವೇ ಜನ, ನಮ್ಮಿಂದೇನಾದೀತು ಎಂದು ಅಂದುಕೊಳ್ಳಬೇಡಿ. ಸೇಲಂ ಚಾಪೆಲ್‌ನಲ್ಲಿ ಸೇರಿದವರ ಬಳಿಯೂ ಅಂಥ ಅಧಿಕಾರವಾಗಲಿ ಹಣವಾಗಲಿ ಇರಲಿಲ್ಲ. ಮುಂದಿನ ಪಂದ್ಯ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ಮನೆಗೆ ಹೊರಡುವ ಮೊದಲು ಒಂದು ಗಂಟೆ ಕೂತು, ಸಂಘದ ನಿಯಮಾವಳಿಯ ಮೊದಲ ಕರಡು ಬರೆಯಿರಿ. ಇಲ್ಲಿನ ಅಭಿಮಾನಿ ಸಂಘಗಳು ನಡೆಯುವ ರೀತಿ, ಅವು ಪಾಲಿಸುವ ನಿಯಮಗಳು, ಅವು ಕಂಡ ತೊಡಕುಗಳು, ಇವುಗಳನ್ನು ಕನ್ನಡದಲ್ಲಿ ಬರೆದು ಕಳಿಸುವ ಕೆಲಸ ನನಗಿರಲಿ. ಸಂಘ ನೋಂದಣಿಯಾದ ದಿನ ಮೊದಲ ಸದಸ್ಯತ್ವಗಳಲ್ಲಿ ಒಂದನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ಇಂತಿ ನಿಮ್ಮವನೇ ಆದ,
ಹೆಡಿಂಗ್ಲೀಯ ಕನ್ನಡಿಗ